ಬಸ್ಸಿನಲ್ಲಿ ತಿರುಗಿದ ವಹಿ

ಈ ಬೆಳಿಗ್ಗೆ ಪೆನ್ಸಿಲ್ ಹೆರೆಯುತ್ತ ಕುಳಿತಿದ್ದೆ. ಎಪ್ಪತ್ತು ದಾಟಿದವನಿಗೆ ಪೆನ್ಸಿಲ್ ಯಾಕೆ ಎಂದು ಕೇಳಬೇಡಿ. ಕೆಲವರಿಗೆ ನಶ್ಯ, ಕೆಲವರಿಗೆ ಎಲೆ ಅಡಿಕೆ, ನನಗೆ ಪೆನ್ಸಿಲ್. ಬ್ಲೇಡು ಹಿಡಿದು ಎರಡೂ ತುದಿ ಹೆರೆಯಬೇಕು, ಸಿಪ್ಪೆಯನ್ನು ಅಂಗೈಯಲ್ಲಿಟ್ಟು ಒಮ್ಮೆ ಮೂಸಬೇಕು, ಆಮೇಲೆಯೇ ನನ್ನ ದಿನ ಶುರು. ಆ ಕಟ್ಟಿಗೆಯ ವಾಸನೆ ಮೂಗಿಗೆ ಹತ್ತಿದ ಹೊತ್ತಿಗೆ ಸರಿಯಾಗಿ ಫೋನು ಟಣ್ ಎಂದಿತು.

ನನ್ನ ಫೋನಿನಲ್ಲಿ ಶೀಘ್ರಲಿಪಿ ಆಸಕ್ತರ ಗುಂಪೊಂದಿದೆ. ಶೀಘ್ರಲಿಪಿ ಅಂದರೆ ಶಾರ್ಟ್‌ಹ್ಯಾಂಡು. ಒಬ್ಬರು ಆಡುವ ಮಾತನ್ನು ಆಡಿದಷ್ಟೇ ವೇಗದಲ್ಲಿ ಗೆರೆ, ಕೊಕ್ಕೆ, ಚುಕ್ಕಿಗಳಲ್ಲಿ ಹಿಡಿದಿಡುವ ಬರವಣಿಗೆ. ಯಂತ್ರವೇ ಮಾತು ಕೇಳಿ ಬರೆದುಕೊಳ್ಳುವ ಈ ಕಾಲದಲ್ಲೂ ಇದನ್ನು ಕಲಿಯುವ ಹುಚ್ಚರಿದ್ದಾರೆ, ದೇವರು ಅವರಿಗೆ ಒಳ್ಳೆಯದು ಮಾಡಲಿ. ಗುಂಪು ಕಟ್ಟಿದವಳು ತೊರವಿಯ ಸುಧಾ ಎಂಬ ಹುಡುಗಿ. ಅವಳ ತಾಯಿ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಇಂದು ಸುಧಾ ಹೀಗೆ ಬರೆದಿದ್ದಳು: “ನಮ್ಮ ಗುಂಪಿನ ಮೊದಲನೆಯ ನಿಯಮ. ನೀವು ಬರೆದದ್ದನ್ನು ಇನ್ನೊಬ್ಬರು ಓದಬೇಕು. ಈ ನಿಯಮ ಮಾಡಿದವರು ನಮ್ಮ ಹಿರಿಯ ಸದಸ್ಯರಾದ ಸರ್.” ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲೇ ಸಾಲು.

ಹೊಗಳಿಕೆ ನನಗೆ ಹೊಸದಲ್ಲ, ಸುಳ್ಳು ಯಾಕೆ ಹೇಳಲಿ, ಬೇಡವೂ ಅಲ್ಲ. ಆದರೆ ಆ ನಿಯಮ ನನ್ನದಲ್ಲ. ಮಾಡಿದವಳು ತಿಕೋಟಾದ ಹಾಜರಾ. ನಾನು ಅದನ್ನು ಮುರಿದವನು. ಮುರಿದು ಸಿಕ್ಕಿಬಿದ್ದಾಗ ಅವಳ ಕೈಯಿಂದ ಪಾರಾದವನು. ಪಾರಾದ ಮೇಲೆ ಹೆಸರನ್ನು ಮಾತ್ರ ಪೂರ್ತಿ ನಾನೇ ಇಟ್ಟುಕೊಂಡವನು. ಇದಕ್ಕೆ ಸಾಕ್ಷಿಯಾದ ಒಂದು ವಹಿ, ಅಂದರೆ ನೋಟುಬುಕ್ಕು, ಇದೆ. ಅದು ಕಳೆದುಹೋಯಿತು ಎಂದು ಇಷ್ಟು ವರ್ಷ ಎಲ್ಲರನ್ನೂ ನಂಬಿಸಿದ್ದೇನೆ. ಅದು ಎಲ್ಲಿಗೂ ಹೋಗಿಲ್ಲ, ನನ್ನ ಕಪಾಟಿನಲ್ಲಿ ಹಳೆಯ ಶಾಲಿನ ಕೆಳಗಿದೆ.

ಇದು ನಿಂತು ಕೇಳುವ ಕತೆಯಲ್ಲ, ಕುಳಿತುಕೊಳ್ಳಿ.

ಎಪ್ಪತ್ತರ ದಶಕದ ಮಾತು. ವಿಜಯಪುರ ಆಗ ಎಲ್ಲರ ಬಾಯಲ್ಲೂ ಬಿಜಾಪುರ. ಅಲ್ಲಿಯ ಒಂದು ಕಚೇರಿಗೆ ನಾನು ಹೊಸದಾಗಿ ಸೇರಿದ ಗುಮಾಸ್ತ. ಕಚೇರಿಯ ಕಾಗದಗಳು ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ಕಾಲ ಅದು. ಸಾಹೇಬರು ಒಂದು ದಿನ ಕನ್ನಡದಲ್ಲೇ ಪತ್ರ ಹೇಳಿ ಬರೆಸುತ್ತೇನೆ ಎಂದರು. ಇಂಗ್ಲಿಷ್ ಶಾರ್ಟ್‌ಹ್ಯಾಂಡು ಬಲ್ಲ ಹಿರಿಯರೊಬ್ಬರಿದ್ದರು. ಅವರಿಗೆ ಆ ಕ್ಷಣಕ್ಕೆ ಸರಿಯಾಗಿ ಕೆಮ್ಮು ಬಂದು ಹೊರಗೆ ಹೋದರು. “ಕನ್ನಡದಾಗ ಯಾರಿಗೆ ಬರತೈತಿ?” ಎಂದು ಸಾಹೇಬರು ಕೇಳಿದಾಗ ನಾನು ಕೈ ಎತ್ತಿದೆ. ನನಗೂ ಬರುತ್ತಿರಲಿಲ್ಲ. ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕೈ ಕೆಳಗಿಳಿಸುವ ಅಭ್ಯಾಸ ನನಗೆ ಆಗ ಇರಲಿಲ್ಲ, ಈಗಲೂ ಅಷ್ಟಾಗಿ ಇಲ್ಲ.

ಒಂದು ತೆಳ್ಳನೆಯ ಪುಸ್ತಕ ತರಿಸಿಕೊಂಡು ಹಗಲಿರುಳು ಗೀಚಿದೆ. ತೆಳು ಗೆರೆ ಎಳೆದರೆ ಒಂದು ಅಕ್ಷರ, ಅದೇ ಗೆರೆ ದಪ್ಪ ಎಳೆದರೆ ಇನ್ನೊಂದು. ಗೆರೆಯ ತುದಿಗೆ ಕೊಕ್ಕೆ ಹಾಕಿದರೆ ಬೇರೆ, ಸಾಲಿನ ಮೇಲೆ ಕೂತರೆ ಬೇರೆ, ಸಾಲನ್ನು ಸೀಳಿಕೊಂಡು ಹೋದರೆ ಬೇರೆ. ಆರು ತಿಂಗಳಲ್ಲಿ ಸಾಹೇಬರ ಮಾತು ನನ್ನ ಪೆನ್ಸಿಲ್ಲಿಗೆ ಸಿಕ್ಕತೊಡಗಿತು. ಆದರೆ ಪುಸ್ತಕದಲ್ಲಿ ಇಲ್ಲದ ಸಂಶಯ ಬಂದರೆ ಯಾರನ್ನು ಕೇಳುವುದು? ಊರಿನಲ್ಲಿ ಈ ವಿದ್ಯೆ ಬಲ್ಲವರು ಇನ್ನೂ ಕೆಲವರು ಇರಲೇಬೇಕು, ಅವರನ್ನೆಲ್ಲ ಕೂಡಿಸಿದರೆ ಹೇಗೆ ಎಂಬ ವಿಚಾರ ನನ್ನದೇ. ಇದೊಂದರ ಶ್ರೇಯಸ್ಸನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಸೊಲ್ಲಾಪುರ ರಸ್ತೆಯಲ್ಲಿ ಒಂದು ಟೈಪಿಂಗ್ ಕ್ಲಾಸು ಇತ್ತು. ರವಿವಾರ ಯಂತ್ರಗಳಿಗೆ ರಜೆ. ಮಾಲೀಕರನ್ನು ಕೇಳಿ ಆ ಕೋಣೆ ಪಡೆದೆ. ‘ಗೆರೆ ಬಳಗ’ ಎಂದು ಹೆಸರಿಟ್ಟೆ. ಬಸ್‌ಸ್ಟ್ಯಾಂಡು, ಚಹಾದಂಗಡಿ, ಶಾಲೆಗಳ ಗೋಡೆಗೆಲ್ಲ ಕೈಬರಹದ ಚೀಟಿ ಅಂಟಿಸಿದೆ. ಮೊದಲ ರವಿವಾರ ಏಳು ಮಂದಿ ಬಂದರು. ಅವರಲ್ಲಿ ಒಬ್ಬರು ಟೈಪ್‌ರೈಟರಿನ ರಿಬ್ಬನ್ನು ಮಾರಲು ಬಂದವರು, ಇನ್ನೊಬ್ಬರು ಚಹಾ ಪುಕ್ಕಟೆ ಇರಬಹುದು ಎಂದುಕೊಂಡು ಬಂದವರು. ಚಹಾ ಪುಕ್ಕಟೆಯೇ ಇತ್ತಾದ್ದರಿಂದ ಅವರು ಮುಂದೆ ಎರಡು ವರ್ಷ ತಪ್ಪದೆ ಬಂದರು. ಗೆರೆ ಮಾತ್ರ ಒಂದೂ ಕಲಿಯಲಿಲ್ಲ.

ಗಟ್ಟಿಯಾಗಿ ನಿಂತವರು ನಾವು ಮೂವರು. ಒಬ್ಬ ನಾನು. ಇನ್ನೊಬ್ಬ ಬಬಲೇಶ್ವರದ ಈರಣ್ಣ, ಅಲ್ಲಿಯ ಸೊಸೈಟಿಯಲ್ಲಿ ಕಾರಕೂನ, ನನ್ನ ಓರಗೆಯವ. ಅವನ ಬರವಣಿಗೆ ನಿಧಾನ, ಆದರೆ ಬರೆದದ್ದು ಕಲ್ಲಿನಲ್ಲಿ ಕೆತ್ತಿದಷ್ಟು ಸ್ಪಷ್ಟ. ಮೂರನೆಯವಳು ಹಾಜರಾ. ತಿಕೋಟಾದ ಬಸ್ಸು ನಿಲ್ಲುವ ಕಡೆ ಅವಳ ತಂದೆ ಖಾದರಸಾಬರ ಬಟ್ಟೆಯಂಗಡಿ. ಅವರು ಮಾಲು ತರಲು ರವಿವಾರ ಬಿಜಾಪುರಕ್ಕೆ ಬರುವಾಗ ಮಗಳನ್ನು ಕರೆತಂದು ಕ್ಲಾಸಿನಲ್ಲಿ ಬಿಡುತ್ತಿದ್ದರು. ಮೆಟ್ರಿಕ್ ಮುಗಿಸಿ ಟೈಪಿಂಗ್ ಕಲಿತಿದ್ದ ಅವಳಿಗೆ ಒಂದೇ ಗುರಿ, ಕಚೇರಿಯಲ್ಲಿ ಸ್ವಂತ ಕುರ್ಚಿ. ಮಾತು ಕಡಿಮೆ. ಆಡಿದರೆ ಎದುರಿನವರು ಸ್ವಲ್ಪ ನೆಟ್ಟಗೆ ಕೂಡಬೇಕಾಗುತ್ತಿತ್ತು.

ಆ ಮೊದಲ ದಿನವೇ ನಾನು ನೆಟ್ಟಗೆ ಕೂಡಬೇಕಾಯಿತು. ಪತ್ರಿಕೆಯ ಒಂದು ತುಂಡನ್ನು ರಿಬ್ಬನ್ನಿನವರು ಓದಿದರು, ನಾವೆಲ್ಲ ಬರೆದೆವು, ಆಮೇಲೆ ಒಬ್ಬೊಬ್ಬರೇ ತಮ್ಮದನ್ನು ಓದಿ ತೋರಿಸಿದೆವು. ನಾನು ಎಲ್ಲಿಯೂ ತಡವರಿಸದೆ ಓದಿದೆ. ಅರ್ಧ ಓದಿದ್ದು, ಅರ್ಧ ನೆನಪಿನಿಂದ ಹೇಳಿದ್ದು. ಎಲ್ಲರೂ ಭೇಷ್ ಎಂದರು. ಹಾಜರಾ ಮಾತ್ರ ಕೈ ಚಾಚಿದಳು.

“ನಿಮ್ಮದು ನೀವ ಓದಿದರ ಏನ್ ಬಂತರಿ? ವಹಿ ಈ ಕಡೆ ಕೊಡ್ರಿ. ಒಬ್ಬರು ಬರದದ್ದು ಮತ್ತೊಬ್ಬರು ಓದಿದರನ ಅದು ಬರವಣಗಿ.”

ಕೊಟ್ಟೆ. ಅವಳು ವಹಿಯನ್ನು ಹೊರಳಿಸಿ ಹೊರಳಿಸಿ ನೋಡಿದಳು.

“ಇದೇನರಿ ಇದು, ಹೊರಸಿನ ಮ್ಯಾಲ ಶ್ಯಾವಿಗಿ ಒಣಾ ಹಾಕಿದಂಗ ಐತಿ.”

ಈರಣ್ಣ ಚಹಾ ನೆತ್ತಿಗೇರುವಷ್ಟು ನಕ್ಕ. ಅಂದಿನಿಂದ ಅದೇ ಬಳಗದ ನಿಯಮವಾಯಿತು: ಬರೆದ ಮೇಲೆ ವಹಿ ಅದಲು ಬದಲು, ಯಾರೂ ತಮ್ಮದನ್ನು ತಾವು ಓದುವಂತಿಲ್ಲ. ನಾನು ಒಪ್ಪಿದೆ, ಒಳಗೊಳಗೆ ಮುನಿಸಿಕೊಂಡೇ ಒಪ್ಪಿದೆ.

ಪ್ರತಿ ರವಿವಾರ ಬರುವುದು ಹಳ್ಳಿಯವರಿಗೆ ಆಗುತ್ತಿರಲಿಲ್ಲ. ಸುಗ್ಗಿ, ಮದುವೆ, ರಮಜಾನ್, ಸೊಸೈಟಿಯ ತಪಾಸಣೆ, ಏನಾದರೊಂದು ಬರುತ್ತಿತ್ತು. ಅದಕ್ಕೆ ನಾವು ಕಂಡುಕೊಂಡ ಉಪಾಯವೇ ತಿರುಗುವ ವಹಿ. ಒಂದು ದಪ್ಪ ರಟ್ಟಿನ ವಹಿ. ಎಡಗಡೆಯ ಪುಟದಲ್ಲಿ ಒಬ್ಬರು ಶೀಘ್ರಲಿಪಿಯಲ್ಲಿ ಬರೆಯಬೇಕು. ಮುಂದಿನವರು ಅದನ್ನು ಓದಿ ಬಲಗಡೆಯ ಪುಟದಲ್ಲಿ ಸಾದಾ ಕನ್ನಡದಲ್ಲಿ ಬಿಡಿಸಿ, ಮರುಪುಟದಲ್ಲಿ ತಮ್ಮದನ್ನು ಬರೆದು ಕಳಿಸಬೇಕು. ಯಾರಾದರೂ ಹೊಸ ಗುರುತು ಕಟ್ಟಿದರೆ ಅದನ್ನು ವಹಿಯ ಕೊನೆಯ ಹಾಳೆಗಳಲ್ಲಿ ಅರ್ಥದೊಂದಿಗೆ ದಾಖಲಿಸಬೇಕು. ಪ್ರತಿ ಬರಹದ ಕೊನೆಗೆ ಒಂದು ಸಣ್ಣ ಕೊಕ್ಕೆ, ಅದರ ಹೊಟ್ಟೆಯಲ್ಲೊಂದು ಚುಕ್ಕಿ. ‘ಓದಿ ಮುಂದೆ ಕಳಿಸಿ’ ಎಂದು ಅದರ ಅರ್ಥ.

ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ ವಹಿ ಸೋಮವಾರ ತಿಕೋಟಾದ ಕೆಂಪು ಬಸ್ಸು ಹತ್ತುತ್ತಿತ್ತು. ಖಾದರಸಾಬರ ಅಂಗಡಿಯಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಮರಳಿ ಬಿಜಾಪುರದ ಸ್ಟ್ಯಾಂಡಿಗೆ ಬಂದರೆ ನಾನು ತೆಗೆದುಕೊಂಡು, ನನ್ನ ಪುಟ ಬರೆದು, ಬಬಲೇಶ್ವರದ ಬಸ್ಸಿಗೆ ಹಾಕುತ್ತಿದ್ದೆ. ತಿಕೋಟಾ ಬಸ್ಸಿನ ಕಂಡಕ್ಟರು ಅದನ್ನು ತನ್ನ ಸೀಟಿನ ಹಿಂದೆ ಸಿಗಿಸಿಕೊಳ್ಳುತ್ತಿದ್ದ, ಸ್ಟ್ಯಾಂಡಿನಲ್ಲಿ ನಾನೇ ಅಲ್ಲಿಂದ ಎತ್ತಿಕೊಳ್ಳುತ್ತಿದ್ದೆ. ಒಮ್ಮೆ ಗಂಟು ಸಡಿಲಾಗಿ ಒಳಗಿನ ಗೆರೆಗಳು ಅವನ ಕಣ್ಣಿಗೆ ಬಿದ್ದವು.

“ಇದೇನ್ರಿ ಗುಮಾಸ್ತರ, ಮಾಟಾ ಮಂತ್ರಾ ಏನರ ಮಾಡಾಕತ್ತೀರೇನು? ಮದಲ ಹೇಳಿಬಿಡ್ರಿ, ನನ್ನ ಗಾಡಿ ಪಂಚರ್ ಆಗತೈತಿ.”

“ಮಾತು ಬರದೇವಿ, ಬರೇ ಮಾತು,” ಎಂದೆ. ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ವಹಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಈ ಕಂಡಕ್ಟರನನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ನಾನು ಅವನಿಗೊಂದು ಅನ್ಯಾಯ ಮಾಡಿದ್ದೇನೆ.

ಆ ವಹಿಯಲ್ಲಿ ಏನೇನಿತ್ತು ಅಂತೀರಿ! ಸಂತೆಯಲ್ಲಿ ಕೇಳಿದ ಜಗಳ, ಈರಣ್ಣನ ಸೊಸೈಟಿಯ ಗೊಬ್ಬರದ ತಕರಾರು, ‘ಮಾಡಬೇಕಾಗಿತ್ತು’ ಎಂಬುದನ್ನು ಒಂದೇ ಎಳೆತದಲ್ಲಿ ಬರೆಯಬಹುದೇ ಎಂಬ ಪ್ರಶ್ನೆ, ಅದಕ್ಕೆ ಮೂರು ಊರಿನಿಂದ ಮೂರು ಉತ್ತರ. ಇಟ್ಟಂಗಿಹಾಳದ ಮಾಸ್ತರರೊಬ್ಬರು ಎಲ್ಲಿಂದಲೋ ಸುದ್ದಿ ತಿಳಿದು ತಾವೂ ಸೇರಿಕೊಂಡರು. ಒಬ್ಬರನ್ನೊಬ್ಬರು ತಿಂಗಳುಗಟ್ಟಲೆ ಕಾಣದವರು ಆ ಪುಟಗಳಲ್ಲಿ ದಿನಾ ಕಟ್ಟೆಗೆ ಕೂತವರ ಹಾಗೆ ಮಾತಾಡುತ್ತಿದ್ದೆವು. ಈಗಿನ ಹುಡುಗರು ಫೋನಿನಲ್ಲಿ ಗುಂಪು ಕಟ್ಟಿ ಇದೇ ಮೊದಲು ಎಂಬಂತೆ ಕುಣಿದರೆ ನಾನು ಸುಮ್ಮನೆ ನಗುತ್ತೇನೆ.

ನನಗೊಂದು ಚಟವಿತ್ತು. ವೇಗದ ಚಟ. ವಾರಕ್ಕೆ ಮೂರು ನಾಲ್ಕು ಹೊಸ ಗುರುತು ಕಟ್ಟುತ್ತಿದ್ದೆ, ಕೊನೆಯ ಹಾಳೆಯಲ್ಲಿ ದಾಖಲಿಸುತ್ತಿರಲಿಲ್ಲ. ದಾಖಲಿಸಿದರೆ ಎಲ್ಲರೂ ನನ್ನಷ್ಟೇ ವೇಗವಾಗುತ್ತಾರಲ್ಲ! ಹಾಜರಾ ನನ್ನ ಪುಟಗಳನ್ನು ಬಿಡಿಸುವಾಗ ಅಂಚಿನಲ್ಲಿ ಬರೆಯುತ್ತಿದ್ದಳು: “ಈ ಗುರುತು ಹಿಂದೆ ಇಲ್ಲ. ಅರ್ಥ ತಿಳಿಸಬೇಕು.” ನಾನು ತಿಳಿಸುತ್ತಿರಲಿಲ್ಲ. ಅವಳು ಹೇಗೋ ಬಿಡಿಸಿಕೊಳ್ಳುತ್ತಿದ್ದಳು. ಹೇಗೆ ಎಂದು ನಾನು ಯಾವತ್ತೂ ವಿಚಾರ ಮಾಡಲಿಲ್ಲ.

ಹೀಗಿರುವಾಗ ಈರಣ್ಣನಿಂದ ಕರೆ ಬಂತು. ಬಬಲೇಶ್ವರದಲ್ಲಿ ಸಂಗವ್ವ ಎಂಬ ವಿಧವೆ. ಗಂಡ ತೀರಿಕೊಂಡ ಮೇಲೆ ಹೊಲ ಎರಡು ಪಾಲಾಗಿತ್ತು, ಬಾವಿ ಒಂದೇ ಉಳಿದಿತ್ತು, ಅದು ಮೈದುನ ರುದ್ರಪ್ಪನ ಪಾಲಿನ ನೆಲದಲ್ಲಿತ್ತು. ನೀರಿನ ಸಲುವಾಗಿ ಎರಡು ಸಲ ಹಿರಿಯರು ಕೂಡಿದ್ದರು. ಎರಡು ಸಲವೂ ಮರುವಾರ ‘ನಾ ಹಂಗ ಅಂದಿಲ್ಲ, ನೀ ಹಿಂಗ ಅಂದಿ’ ಎಂದು ಮತ್ತೆ ಜಗಳ. ಮೂರನೆಯ ಸಲ ಈರಣ್ಣ ಎದೆಯುಬ್ಬಿಸಿ ಹೇಳಿಬಿಟ್ಟಿದ್ದ: “ನಮ್ಮ ಬಳಗದವರನ್ನ ಕರಸೋಣ್ರಿ. ಆಡಿದ ಮಾತು ಆಡಿದಂಗ ಬರೀತಾರ. ಆಮ್ಯಾಲ ಯಾರೂ ಹೊಳ್ಳಿಸಾಕ ಬರಂಗಿಲ್ಲ.”

ಬಳಗದ ಮೊದಲ ಸಾರ್ವಜನಿಕ ಕೆಲಸ! ನಾನು ಇಸ್ತ್ರಿ ಅಂಗಿ ತೊಟ್ಟು, ಜೇಬಿನಲ್ಲಿ ಆರು ಪೆನ್ಸಿಲ್ ಇಟ್ಟುಕೊಂಡು ಹೋದೆ. ಹಾಜರಾ ತಂದೆಯೊಂದಿಗೆ ಬಂದಳು. ಸೊಸೈಟಿಯ ಗೋದಾಮಿನಲ್ಲಿ ಜಮಖಾನೆ ಹಾಸಿದ್ದರು. ಮೊದಲ ಪಾಳಿ ಈರಣ್ಣನದು, ಎರಡನೆಯದು ಹಾಜರಾಳದು, ಮೂರನೆಯದು ನನ್ನದು. ನನ್ನ ಪಾಳಿಯಲ್ಲೇ ಮಾತು ಕಾವೇರಿತು. ಹಿರಿಯರು ರುದ್ರಪ್ಪನನ್ನು ಹಿಡಿದು ಕೇಳಿದರು, ಅವನು ಎದ್ದು ನಿಂತು ಗಡಗಡ ಹೇಳಿದ, ನನ್ನ ಪೆನ್ಸಿಲ್ ಹಾರಿತು. ಅಲ್ಲೇ ಆ ಕ್ಷಣಕ್ಕೆ ಹೊಸ ಹೊಸ ಗುರುತು ಹುಟ್ಟಿಸಿಕೊಂಡು ಹಾರಿತು. ನಮ್ಮ ಕಸುಬಿನಲ್ಲಿ ಒಂದು ವಿಚಿತ್ರವಿದೆ. ವೇಗವಾಗಿ ಬರೆಯುವಾಗ ಮಾತು ಕಿವಿಯಿಂದ ನೇರ ಕೈಗೆ ಇಳಿಯುತ್ತದೆ, ತಲೆಯಲ್ಲಿ ನಿಲ್ಲುವುದೇ ಇಲ್ಲ. ರುದ್ರಪ್ಪ ಏನು ಹೇಳಿದ ಎಂದು ನಾನು ಬರೆದೆ, ಕೇಳಲಿಲ್ಲ.

ಈರಣ್ಣ, ಹಾಜರಾ ನಿಯಮದಂತೆ ತಮ್ಮ ಭಾಗಗಳನ್ನು ಅದಲು ಬದಲು ಮಾಡಿಕೊಂಡು, ಎರಡೇ ದಿನದಲ್ಲಿ ಸಾದಾ ಕನ್ನಡದಲ್ಲಿ ಬರೆದು ಕೊಟ್ಟರು. ನಾನು ನನ್ನದನ್ನು ಯಾರಿಗೂ ಕೊಡದೆ ಮುಂದೂಡಿದೆ. ನನ್ನದು ನನಗೆ ಬಾರದೇ, ಯಾವಾಗ ಬೇಕಾದರೂ ಬಿಡಿಸಿದರಾಯಿತು ಎಂಬ ಧೈರ್ಯ. ಮೂರು ವಾರ ಕಳೆಯಿತು. ಆಗ ರುದ್ರಪ್ಪ ವರಸೆ ಬದಲಿಸಿದ: “ಈ ಜ್ವಾಳದ ಪೀಕ ಬರೂ ತನಕಷ್ಟ ನೀರು ಅಂತ ಹೇಳೇನಿ. ಮುಂದಿಂದು ಹೇಳಿಲ್ಲ.” ಹಿರಿಯರಲ್ಲೂ ಒಬ್ಬರಿಗೆ ಒಂದು ನೆನಪು, ಇನ್ನೊಬ್ಬರಿಗೆ ಇನ್ನೊಂದು. ‘ಬಿಜಾಪುರದವರ ಪುಟ ಬರಲಿ’ ಎಂದು ಎಲ್ಲರೂ ಒಪ್ಪಿದರು.

ಆ ಸಭೆಯಲ್ಲಿ ಬರೆದ ನನ್ನ ವಹಿ ತೆರೆದೆ. ಒಂದು ಸಾಲೂ ಓದಲು ಬರಲಿಲ್ಲ.

ಇದು ನಿಮಗೆ ತಮಾಷೆ ಎನಿಸಬಹುದು. ನನ್ನದೇ ಪೆನ್ಸಿಲ್, ನನ್ನದೇ ಕೈ, ಪುಟ ಪೂರ್ತಿ ನನ್ನನ್ನು ಅಪರಿಚಿತನಂತೆ ನೋಡುತ್ತಿತ್ತು. ದಪ್ಪ ಯಾವುದು, ತೆಳು ಯಾವುದು, ಅವಸರದಲ್ಲಿ ಎಲ್ಲ ಒಂದೇ ಆಗಿತ್ತು. ಅಂದು ಹುಟ್ಟಿಸಿದ ಗುರುತುಗಳು ಹುಟ್ಟಿದ ದಿನವೇ ತಮ್ಮ ಅರ್ಥ ಮರೆತಿದ್ದವು. ಶ್ಯಾವಿಗೆ, ಬರೀ ಶ್ಯಾವಿಗೆ.

ಮರುದಿನ ಸಂಗವ್ವ ಬಸ್ಸು ಹಿಡಿದು ನನ್ನ ಕಚೇರಿಗೇ ಬಂದಳು. ಬಾಗಿಲ ಹೊರಗೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

“ತಮ್ಮಾ, ಅವನ ಮಾತು ನಿನ್ನ ಪುಸ್ತಕದಾಗ ಐತಂತಲ್ಲ?”

“ಐತಿ ಯವ್ವಾ.”

“ಅದನ್ನ ನಂಬಿ ನಲವತ್ತ ನಿಂಬಿ ಗಿಡಾ ಹಚ್ಚೇನಿ. ಎಳೀ ಗಿಡಾ. ಈಗ ನೀರ ನಿಲ್ಲಿಸಿದರ ಒಂದೂ ಉಳಿಯಂಗಿಲ್ಲ. ಐತಲ್ಲಾ, ಖರೇನ ಐತಲ್ಲಾ?”

“ಐತಿ, ಖರೇನ ಐತಿ,” ಎಂದೆ. ಇದ್ದದ್ದೇನೋ ನಿಜ. ಅದು ಏನು ಎಂಬುದಷ್ಟೇ ನನಗೆ ಗೊತ್ತಿರಲಿಲ್ಲ. ನನ್ನ ಜೀವಮಾನದಲ್ಲಿ ನನ್ನ ಬಗ್ಗೆ ನನಗೇ ನಾಚಿಕೆಯಾದ ದಿನ ಬಹಳ ಇಲ್ಲ, ಅದು ಒಂದು.

ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಅಂಗಡಿಯಲ್ಲಿ ಖಾದರಸಾಬರು ಲಟ್ಠೆ ಬಟ್ಟೆಯ ಥಾನು ಬಿಚ್ಚುತ್ತಿದ್ದರು. “ಬರ್ರಿ ಬರ್ರಿ, ಮದಲ ಚಾ ಕುಡೀರಿ,” ಎಂದರು. ನಾನು ಚಹಾ ಮುಟ್ಟದೆ ಪುಟವನ್ನು ಹಾಜರಾಳ ಮುಂದಿಟ್ಟು ನಿಜ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಒಳಗೆ ಹೋಗಿ ತಿರುಗುವ ವಹಿಯನ್ನೂ ಜೊತೆಗೊಂದು ಸಣ್ಣ ಪುಸ್ತಕವನ್ನೂ ತಂದಳು. ಆ ಪುಸ್ತಕದ ಮೇಲೆ ಅಂದವಾಗಿ ಬರೆದಿತ್ತು: ‘ಬಿಜಾಪುರದವರ ತಪ್ಪುಗಳು’.

“ಇದೇನು?”

“ನಿಮ್ಮ ಪುಟ ಬಿಡಸಬೇಕಲ್ಲರಿ ನಾನು? ನೀವು ಅರ್ಥ ತಿಳಸಂಗಿಲ್ಲ. ಅದಕ್ಕ ನೀವು ಎಲ್ಲೆಲ್ಲಿ ಹ್ಯಾಂಗ ತಪ್ಪತೀರಿ ಅಂತ ಬರದ ಇಟ್ಟೇನಿ. ಅವಸರ ಇದ್ದಾಗ ಕೊಕ್ಕಿ ಬಿಡತೀರಿ. ‘ಇಲ್ಲ’ ಅನ್ನೂದನ್ನ ಸಾಲಿನ ಮ್ಯಾಲ ಒಗೀತೀರಿ. ಸಿಟ್ಟಿನ ಮಾತು ಬಂದರ ಗೆರಿ ಬಲಕ್ಕ ವಾಲತಾವ.”

ಹದಿನೆಂಟು ಪುಟಗಳ ತಪ್ಪು, ನನ್ನವೇ. ಒಬ್ಬ ಮನುಷ್ಯನ ಕೈಯನ್ನು ಇನ್ನೊಬ್ಬರು ಅಷ್ಟು ಗಮನವಿಟ್ಟು ಓದಬಹುದು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅವಳು ಥಾನುಗಳ ನಡುವೆ ಕೂತು, ಒಂದು ಬೆರಳು ನನ್ನ ಶ್ಯಾವಿಗೆಯ ಮೇಲೆ, ಇನ್ನೊಂದು ತನ್ನ ಪಟ್ಟಿಯ ಮೇಲೆ ಇಟ್ಟುಕೊಂಡು, ಸಾಲು ಸಾಲಾಗಿ ಬಿಡಿಸಿದಳು. ಗಿರಾಕಿಗಳು ಬಂದು ಹೋದರು. ನನ್ನ ಚಹಾ ಆರಿ, ಮತ್ತೆ ಬಂದು, ಮತ್ತೆ ಆರಿತು. ಮಧ್ಯಾಹ್ನದ ನಮಾಜಿಗೆ ಖಾದರಸಾಬರು ಎದ್ದು ಹೋಗುವ ಹೊತ್ತಿಗೆ ರುದ್ರಪ್ಪ ಆ ಹಾಳೆಯಿಂದ ಎದ್ದು ನಿಂತು ಮಾತಾಡತೊಡಗಿದ್ದ.

ಒಂದು ಸಾಲು ಮಾತ್ರ ಅವಳಿಗೂ ಬಗ್ಗಲಿಲ್ಲ. ಅಲ್ಲಿ ಜಾಗ ಖಾಲಿ ಬಿಟ್ಟಳು. ‘ಹಿಂದೆ ಮುಂದೆ ನೋಡಿದರೆ ಇದೇ ಇರಬೇಕು, ತುಂಬಿಬಿಡಿ’ ಎಂದೆ.

“ತಿಳೀಲಾರದ್ದನ್ನ ತಿಳದಂಗ ಬರೀಬಾರದರಿ. ಅಲ್ಲಿ ತಿಳೀಲಿಲ್ಲ ಅಂತನ ಓದ್ರಿ. ಮಾತ ಕೊಡ್ರಿ ಮದಲ.”

ಕೊಟ್ಟೆ.

ಬಬಲೇಶ್ವರದಲ್ಲಿ ಹಿರಿಯರು ಮತ್ತೆ ಕೂಡಿದರು. ಖಾದರಸಾಬರಿಗೆ ಅಂಗಡಿ ಬಿಡಲಾಗದ ದಿನ, ಹಾಗಾಗಿ ಹಾಜರಾ ಬರಲಿಲ್ಲ. ನಾನು ಎದ್ದು ನಿಂತು ಓದಿದೆ. ನನ್ನ ಧ್ವನಿ ಆಗ ಚೆನ್ನಾಗಿತ್ತು: “ವಾರದಾಗ ಎರಡ ದಿನಾ ನೀರು ಆಕೀದು. ಈ ಪೀಕಿಗಷ್ಟ ಅಲ್ಲ, ಬಾವ್ಯಾಗ ನೀರ ಇರೂ ತನಕ. ಆ ಎರಡ ದಿನಾ ನಮ್ಮ ಎಮ್ಮಿ ಕರಾ ಸೈತ ಆಕೀ ಕಾಲವಿ ದಾಟಂಗಿಲ್ಲ, ತಗೋರಿ.” ಎಮ್ಮೆ ಕರುವಿನ ಮಾತು ಬಂದೊಡನೆ ಗೋದಾಮಿಗೆ ಗೋದಾಮೇ ಗೊಳ್ಳೆಂದಿತು, ಎಮ್ಮೆ ಕರುವನ್ನು ಎಳೆತರದೆ ಆಣೆ ಮಾಡಿದವನಲ್ಲ ರುದ್ರಪ್ಪ. ಖಾಲಿ ಜಾಗ ಬಂದಾಗ, ಕೊಟ್ಟ ಮಾತಿನಂತೆ, “ಇಲ್ಲೊಂದು ಸಾಲು ತಿಳಿದಿಲ್ಲ” ಎಂದೆ. ಹಿರಿಯರೊಬ್ಬರು ತಲೆದೂಗಿದರು: “ನೋಡ್ರಿ, ತಿಳೀದಿದ್ದನ್ನ ತಿಳೀಲಿಲ್ಲ ಅಂತ ಹೇಳ್ಯಾನ. ಇಂವ ಸುಳ್ಳ ಹೇಳೂ ಮನಶ್ಯಾ ಅಲ್ಲ.”

ರುದ್ರಪ್ಪ ಬಗ್ಗಿಸಿದ ತಲೆ ಎತ್ತಿ ಕೇಳಿದ: “ಇದನ್ನ ಓದಿದವರ ಯಾರು?”

ಸರಳ ಪ್ರಶ್ನೆ. ನಾನು ಎಲ್ಲರ ಮುಖ ನೋಡಿದೆ. ಇನ್ನೊಬ್ಬರು ಓದಿದ್ದು ಎಂದರೆ ಇವರು ನಂಬಲಿಕ್ಕಿಲ್ಲ, ಸಂಗವ್ವನ ಗಿಡಗಳು ಒಣಗುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಅಷ್ಟು ಜನರೆದುರು ನನ್ನ ಬರಹ ನನಗೇ ಓದಲು ಬರಲಿಲ್ಲ ಎಂದು ಹೇಳುವುದು ನನ್ನಿಂದ ಆಗಲಿಲ್ಲ.

“ನಾನ ಓದೇನಿ,” ಎಂದೆ.

“ಆತು ಬಿಡ್ರಿ. ಎಮ್ಮಿ ಕರದ ಮಾತು ನಂದ ಐತಿ,” ಎಂದ ರುದ್ರಪ್ಪ. ನೀರು ಹರಿಯಿತು. ಸಂಗವ್ವ ಜಮಖಾನೆಯ ಮೇಲೆ ನಡೆದು ಬಂದು ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. ಈರಣ್ಣ ಕುಣಿಯುವುದೊಂದು ಬಾಕಿ. ಆ ಸುದ್ದಿ ಬಿಜಾಪುರಕ್ಕೂ ಹಬ್ಬಿತು. ಸೊಲ್ಲಾಪುರ ರಸ್ತೆಯ ಕ್ಲಾಸಿನವರು ನನ್ನನ್ನು ಕರೆದು, ಸಂಜೆ ಶೀಘ್ರಲಿಪಿ ಕಲಿಸಿ ಎಂದರು. ಎಷ್ಟೋ ವರ್ಷ ಕಲಿಸಿದೆ. ಮೊದಲ ಪಾಠ ಯಾವಾಗಲೂ ಒಂದೇ: ನೀವು ಬರೆದದ್ದನ್ನು ಇನ್ನೊಬ್ಬರು ಓದಬೇಕು. ಯಾರು ಹೇಳಿದ್ದು ಎಂದು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಆ ಸಭೆಯಾದ ಮರುವಾರ ತಿಕೋಟಾದಿಂದ ವಹಿ ಬಂತು. ಎಡಗಡೆಯ ಪುಟದಲ್ಲಿ ಒಂದೇ ಸಾಲು. ದಪ್ಪ ತೆಳು ಎಲ್ಲ ಅಚ್ಚುಕಟ್ಟು, ಕುರುಡನೂ ಬೆರಳಾಡಿಸಿ ಓದುವಂತೆ: ‘ಸಂಗವ್ವನ ಪುಟ ಓದಿದವರು ಯಾರು ಎಂದು ಬಳಗಕ್ಕೆ ತಿಳಿಸಬೇಕು.’ ಕೊನೆಗೆ ಕೊಕ್ಕೆ, ಹೊಟ್ಟೆಯಲ್ಲಿ ಚುಕ್ಕಿ. ಓದಿ ಮುಂದೆ ಕಳಿಸಿ.

ಬಲಗಡೆಯ ಪುಟದಲ್ಲಿ ನಾನು ಅದನ್ನು ಬಿಡಿಸಿ ಬರೆದು, ಅದಕ್ಕೆ ಉತ್ತರವನ್ನೂ ಬರೆದು, ಬಬಲೇಶ್ವರದ ಬಸ್ಸಿಗೆ ಹಾಕಬೇಕಿತ್ತು. ಹಾಕಲಿಲ್ಲ. ವಹಿ ತಿಕೋಟಾದ ಬಸ್ಸಿನಲ್ಲೇ ಕಳೆದುಹೋಗಿದೆ ಎಂದು ಹೇಳಿದೆ. ಆ ಪಾಪದ ಕಂಡಕ್ಟರು ಗಾಡಿಯ ಒಂದೊಂದು ಸೀಟಿನ ಕೆಳಗೂ ಮಂಡಿಯೂರಿ ಹುಡುಕಿದ. “ನನ್ನ ಕೈಯಾಗ ಎಂದೂ ಹಿಂಗ ಆಗಿಲ್ಲರಿ,” ಎಂದು ಕೈ ಕೈ ಹಿಸುಕಿಕೊಂಡ. ನಾನು ಅವನಿಗೆ ಸಮಾಧಾನ ಹೇಳಿದೆ!

ಹೊಸ ವಹಿ ಕೊಂಡೆವು. ಆದರೆ ಹಳೆಯದರ ಕೊನೆಯ ಹಾಳೆಗಳಲ್ಲಿ ಮೂರು ಊರಿನ ಗುರುತುಗಳೆಲ್ಲ ಇದ್ದವು. ಅವನ್ನು ಮತ್ತೆ ಕೂಡಿಸಲಾಗಲಿಲ್ಲ. ಒಂದೆರಡು ವರ್ಷದಲ್ಲಿ ಬಳಗ ತಾನಾಗಿ ಕರಗಿತು. ಹಾಜರಾ ಪರೀಕ್ಷೆ ಪಾಸಾಗಿ ಬಾಗಲಕೋಟೆಯ ಒಂದು ಕಚೇರಿಯಲ್ಲಿ ತನ್ನ ಕುರ್ಚಿ ಪಡೆದಳು. ಹೋಗುವ ಮುಂಚೆ ಕ್ಲಾಸಿಗೆ ಪೇಢೆ ತಂದಿದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ, “ವಹಿ ಸಿಕ್ಕರ ಹೇಳ್ರಿ,” ಎಂದಳು. ಅವಳಿಗೆ ಗೊತ್ತಿತ್ತು. ನನಗೆ ಗೊತ್ತು, ಅವಳಿಗೆ ಗೊತ್ತಿತ್ತು.

ನಿವೃತ್ತಳಾಗಿ ತಿಕೋಟಾದಲ್ಲೇ, ಅಂಗಡಿಯ ಹಿಂದಿನ ಮನೆಯಲ್ಲಿದ್ದಾಳೆ ಎಂದು ಈರಣ್ಣ ಎಂದೋ ಹೇಳಿದ್ದ. ಇಲ್ಲಿಂದ ಒಂದು ಸಣ್ಣ ನಿದ್ದೆಯಷ್ಟು ಬಸ್ಸಿನ ದಾರಿ. ನಾನು ಹೋಗಿರಲಿಲ್ಲ.

ಇಂದು ಕಪಾಟು ತೆರೆದು ಶಾಲು ಸರಿಸಿದೆ. ಆ ಎಡಪುಟ ನಿನ್ನೆ ಬರೆದಂತಿತ್ತು. ಎದುರಿನ ಬಲಪುಟ ಖಾಲಿ. ಹೊಸದಾಗಿ ಹೆರೆದ ಪೆನ್ಸಿಲ್ ಕೈಯಲ್ಲೇ ಇತ್ತಲ್ಲ, ಅವಳ ಸಾಲನ್ನು ಸಾದಾ ಕನ್ನಡದಲ್ಲಿ ಬಿಡಿಸಿದೆ. ಅದರ ಕೆಳಗೆ ಬರೆದೆ: ‘ಓದಿದವರು ತಿಕೋಟಾದ ಹಾಜರಾ. ನನ್ನ ಬರಹ ನನಗೇ ಓದಲು ಬರಲಿಲ್ಲ. ವಹಿ ಕಳೆದಿರಲಿಲ್ಲ, ಕಂಡಕ್ಟರರದು ತಪ್ಪಿಲ್ಲ. ಮೊದಲನೆಯ ನಿಯಮವೂ ಅವರದೇ.’ ಎರಡೂ ಪುಟದ ಚಿತ್ರ ತೆಗೆದು ಫೋನಿನ ಗುಂಪಿಗೆ ಹಾಕಿದೆ. ಫೋನು ಟಣ್ ಟಣ್ ಎನ್ನತೊಡಗಿತು. ಅದನ್ನು ಮನೆಯಲ್ಲೇ ಬಿಟ್ಟು, ವಹಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಕಂಡಕ್ಟರು ತರುಣ. ಅವನ ಸೀಟಿನ ಹಿಂದೆ ಸಿಗಿಸಲು ಕೊಡಲಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಂಡೆ.

ಉಳಿದದ್ದನ್ನು ತಿಕೋಟಾದಿಂದ ಮರಳಿ ಬಂದು ಬರೆಯುತ್ತಿದ್ದೇನೆ. ಹಾಜರಾ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕನ್ನಡಕ ದಪ್ಪಗಾಗಿದೆ. ನನ್ನ ಗುರುತು ಹಿಡಿಯುವ ಮೊದಲು ಬಟ್ಟೆಯ ಗಂಟಿನ ಗುರುತು ಹಿಡಿದಳು.

“ಸಿಕ್ಕತೇನರಿ?”

“ಕಳದಿರಲಿಲ್ಲರಿ. ನಾನ ಇಟ್ಟಕೊಂಡಿದ್ದೆ.”

ಅವಳು ಗಂಟು ಬಿಚ್ಚಿದಳು. ಕೊನೆಯ ಬರಹವಿದ್ದ ಪುಟಕ್ಕೆ ಹೋದಳು. ತನ್ನ ಸಾಲು ನೋಡಿದಳು, ಬಲಗಡೆ ನಾನು ಬರೆದದ್ದನ್ನು ನಿಧಾನವಾಗಿ ಎರಡು ಸಲ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ನನ್ನ ಜೇಬಿನ ಪೆನ್ಸಿಲ್ ಕೇಳಿ ಪಡೆದು, ನನ್ನ ಬರಹದ ಕೊನೆಗೆ, ನಾನು ಅವಸರದಲ್ಲಿ ಬಿಟ್ಟುಬಂದಿದ್ದ ಕೊಕ್ಕೆಯನ್ನು ತಾನೇ ಎಳೆದು, ಹೊಟ್ಟೆಯಲ್ಲಿ ಚುಕ್ಕಿ ಇಟ್ಟಳು.

“ಬಬಲೇಶ್ವರದ ಬಸ್ ಎಷ್ಟಕ್ಕ ಐತ್ರಿ ಈಗ?” ಎಂದು ಕೇಳಿದಳು. “ಈರಣ್ಣಾರು ಕಾಯಾಕತ್ತಿರಬೇಕು.”